ಅಮ್ಮನ ಕೋಳಿವೇಷ

ಅಮ್ಮನಿಗೆ ಕೋಳಿಯ ವೇಷ ಹಾಕಿಸಿದವಳು ನಾನೇ. ನಾನು ಮೊಟ್ಟೆಯಾಗಿದ್ದೆ. ಇದನ್ನು ಹೇಳುವಾಗ ಈಗಲೂ ಮುಖ ಎಲ್ಲಿಟ್ಟುಕೊಳ್ಳಲಿ ಎನಿಸುತ್ತದೆ.

ಎಪ್ಪತ್ನಾಲ್ಕನೇ ಇಸವಿಯ ಮಾತು. ಲಾಸ್ ಏಂಜಲೀಸಿನಲ್ಲಿ ಬಹುಮಾನ ಕೊಡುವ ಒಂದು ಟೀವಿ ಆಟಕ್ಕೆ ಪ್ರೇಕ್ಷಕರು ವೇಷ ಕಟ್ಟಿಕೊಂಡೇ ಹೋಗಬೇಕು. ಸ್ಟುಡಿಯೋ ಹೊರಗೆ ಸಾಲು ನಿಂತರೆ ಅವರ ಕಡೆಯವರು ಬಂದು, ಮೇಲಿಂದ ಕೆಳಗೆ ನೋಡಿ, ಕೆಲವರನ್ನು ಮುಂದಿನ ಕುರ್ಚಿಗಳಿಗೆ ಆರಿಸುತ್ತಿದ್ದರು. ಆಟ ಅವರಿಗೆ, ಚಪ್ಪಾಳೆ ಉಳಿದವರಿಗೆ. ನಾವು ಎರಡು ಸಲ ಚಪ್ಪಾಳೆ ತಟ್ಟಿ ಬಂದಿದ್ದೆವು. ನನಗೋ ವಾಷಿಂಗ್ ಮಷೀನಿನ ಹುಚ್ಚು.

ಮೂರನೆಯ ಸಲ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದೆ: 'ಇದು ನನ್ನಮ್ಮನ ಕೊನೆಯ ಆಸೆ.' ಕೊಕ್ಕು ಕಟ್ಟಲೆಂದು ಅಮ್ಮನ ಕನ್ನಡಕ ತೆಗೆಸಿದ್ದೆ, ಅವಳಿಗೆ ಅಕ್ಷರ ಕಾಣುತ್ತಿರಲಿಲ್ಲ.

"ಏನೇ ಬರ್ದಿದೀಯ, ಡಾರ್ಲಾ?"

"ಕೋಳಿ ಜೋಕು ಕಣಮ್ಮ. ನೀನು ಸುಮ್ನೆ ರೆಕ್ಕೆ ಬಡಿ."

ಬಡಿದಳು ಪಾಪ, ಅರವತ್ತೆಂಟನೇ ವಯಸ್ಸಿನಲ್ಲಿ. ನಮ್ಮನ್ನು ಆರಿಸಿಯೂ ಬಿಟ್ಟರು.

ಆಟ ನಡೆಸುವವನು ನೇರ ನಮ್ಮ ಹತ್ತಿರ ಬಂದು ರಟ್ಟಿನ ಮೇಲಿದ್ದುದನ್ನು ಮೈಕಿನಲ್ಲಿ ಓದಿದ. ಜನ ಲೊಚಗುಟ್ಟಿದರು. ಅಮ್ಮನ ರೆಕ್ಕೆ ನಿಂತಿತು. ಹಿಂದಿನ ವಾರವಷ್ಟೇ ಅವಳ ಎದೆಯ ಎಕ್ಸ್-ರೇ ತೆಗೆಸಿದ್ದೆವು. ಡಾಕ್ಟರು ಏನೂ ಇಲ್ಲ ಎಂದಿದ್ದರು, ನಿಜವಾಗಿಯೂ ಏನೂ ಇರಲಿಲ್ಲ. ಆದರೆ ಒಳಗೆ ಹೋಗಿ ಕೇಳಿಕೊಂಡು ಬಂದವಳು ನಾನೊಬ್ಬಳೇ.

"ಡಾಕ್ಟ್ರು ಹಂಗಂದ್ರೇನೇ?" ಅಮ್ಮ ಮೆಲ್ಲಗೆ ಕೇಳಿದಳು.

ಇಲ್ಲಮ್ಮ, ಸುಳ್ಳು ಬರೆದೆ ಎಂದಿದ್ದರೆ ಮುಗಿಯುತ್ತಿತ್ತು. ಎದುರಿಗೆ ಬಹುಮಾನ ಬಚ್ಚಿಟ್ಟ ಮೂರು ಪರದೆಗಳಿದ್ದವು. ನಾನು ಬಾಯಿ ಬಿಡಲಿಲ್ಲ. ಥೂ, ನನ್ನ ಜನ್ಮಕ್ಕೆ.

"ಯಾವ್ ಪರದೆ ತೆಗ್ಸೋಣ, ಅಮ್ಮಾವ್ರೇ?" ಎಂದ ಅವನು.

"ಇನ್ನು ನಂಗ್ಯಾಕಪ್ಪ. ಇವ್ಳು ಯಾವ್ದು ಅಂತಾಳೋ ಅದು," ಎಂದಳು ಅಮ್ಮ.

ಎರಡನೆಯದು ಎಂದೆ. ಮಷೀನೇ ಬಂತು. ಬಂದ ಮೇಲೆ ಕುಣಿಯಬೇಕು, ಕುಣಿದೆ.

ಕಾರಿನಲ್ಲಿ ಎಲ್ಲ ಹೇಳಿ ಅತ್ತುಬಿಟ್ಟೆ. ಅಮ್ಮ ನನ್ನ ಬೆನ್ನು ಸವರಿದಳು.

"ಇರ್ಲಿ ಬಿಡೇ. ನಾನು ಹೆದರ್ಕೋತೀನಿ ಅಂತ ಈಗ ಹೀಗಂತಿದೀಯ. ನಂಗೆ ಗೊತ್ತಾಗಲ್ವಾ?"

ಮರುದಿನವೇ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅವರು ಎಕ್ಸ್-ರೇ ಎತ್ತಿ ತೋರಿಸಿಯೇ ಏನೂ ಇಲ್ಲವೆಂದು ಹೇಳಿದರು. ಅಮ್ಮ ತಲೆಯಾಡಿಸಿ ಹೊರಗೆ ಬಂದವಳು, "ಪಾಪ, ಅವ್ರಿಗೂ ಹೇಳ್ಕೊಟ್ಟಿದೀಯ," ಎಂದಳು.

ಆಮೇಲೆ ಹನ್ನೊಂದು ವರ್ಷ ಬದುಕಿದಳು. ಪ್ರತಿ ಕ್ರಿಸ್‌ಮಸ್ಸಿಗೂ, ಇದೇ ಕೊನೆಯದು, ನೀನು ಅಳಬಾರದು ಎಂದು ನನಗೇ ಸಮಾಧಾನ ಹೇಳುತ್ತಿದ್ದಳು.