ಕ್ಯಾನಿಗೆ ಹಚ್ಚಿದ ಅರಿಶಿನ

ದೇವದುರ್ಗ ತಾಲ್ಲೂಕಿನಲ್ಲಿ, ಕೃಷ್ಣಾ ಹೊಳೆಯ ದಂಡೆಗೇ ಇರುವ ಊರು ನಮ್ಮದು. ಬಾಗಿಲು ತೆಗೆದರೆ ಹೊಳೆ ಕಾಣುತ್ತದೆ. ಆದರೂ ಬೇಸಿಗೆ ಬಂತೆಂದರೆ ಕುಡಿಯುವ ನೀರಿಗೆ ಟ್ಯಾಂಕರಿನ ದಾರಿ ಕಾಯುತ್ತೇವೆ. ಕೇಳಿದವರು ನಗುತ್ತಾರೆ. ನಗಲಿ, ನಾವು ಮಾಡಿಕೊಂಡದ್ದೂ ನಗುವಂಥ ಕೆಲಸವೇ.

ಮೊದಲು ಹೀಗಿರಲಿಲ್ಲ. ಹೊಳೆ ಬತ್ತಿದರೂ ಅದರ ಉಸುಕಿನಲ್ಲಿ ಮೊಣಕೈ ಆಳ ತೋಡಿದರೆ ಸಾಕು, ತಿಳಿನೀರು ಒಸರುತ್ತಿತ್ತು. ಅದಕ್ಕೆ ನಾವು ವರ್ತಿ ಎನ್ನುತ್ತೇವೆ. ತೆಂಗಿನ ಚಿಪ್ಪಿನಿಂದ ಮೊಗೆದು ಕೊಡ ತುಂಬಿಸುತ್ತಿದ್ದೆವು. ಮದುವೆಯಾಗಲಿ, ಬಾಣಂತನವಾಗಲಿ, ಹೆಂಗಸರೆಲ್ಲ ಹೋಗಿ ವರ್ತಿಗೆ ಅರಿಶಿನ ಕುಂಕುಮ ಏರಿಸಿ, ಗಂಗೆ ಪೂಜೆ ಮಾಡಿ ನೀರು ತಂದ ಮೇಲೆಯೇ ಮುಂದಿನ ಕಾರ್ಯ.

ಆಮೇಲೆ ರಾಯಚೂರಿನಲ್ಲಿ ಹೊಸ ಹೊಸ ಮನೆಗಳು ಎದ್ದವು, ಉಸುಕಿಗೆ ಬೆಲೆ ಬಂತು. ನಮ್ಮೂರ ಪ್ರಭುರಾಜ ಟ್ರ್ಯಾಕ್ಟರ್ ತಂದ. ಅದು ಇಳಿಯಲೆಂದು ದಂಡೆಯ ಹೊಂಗೆ, ನೇರಳೆ ಗಿಡಗಳನ್ನೆಲ್ಲ ಕಡಿಸಿದ. ಯಾರೂ ಬೇಡ ಅನ್ನಲಿಲ್ಲ. ಊರಿಗೊಂದು ಸಮುದಾಯ ಭವನ ಕಟ್ಟಿಸುತ್ತೇನೆ ಎಂದಾಗ ಚಪ್ಪಾಳೆ ಬೇರೆ ತಟ್ಟಿದೆವು.

ಬಾಯಿ ಬಿಟ್ಟವಳು ಒಬ್ಬಳೇ, ನಮ್ಮ ಸ್ವಸಹಾಯ ಸಂಘದ ಮಿನಾಜ್. ಅವಳ ಮನೆಯವರು ಬೇಸಿಗೆಯಲ್ಲಿ ಆ ಉಸುಕಿನಲ್ಲೇ ಕಲ್ಲಂಗಡಿ ಬೆಳೆಯುತ್ತಿದ್ದರು. ಹೊಳೆ ಉಳಿಸುವ ತರಬೇತಿಗೂ ಹೋಗಿ ಬಂದಿದ್ದಳು.

"ಪ್ರಭಣ್ಣ, ನೆಲದಾಗ ಕಾಳು ತುಂಬಿಡೋ ಹಗೇವು ಇರ್ತದಲ್ಲ, ಉಸುಕು ನೀರಿಗೆ ಹಂಗ. ಮಳಿಗಾಲದಾಗ ತುಂಬಿ ಇಟಗೊಂಡು ಬ್ಯಾಸಿಗ್ಯಾಗ ಕೊಡ್ತದ. ಹಗೇವನ್ನ ಕಿತ್ತು ಮಾರಿದ್ರ ಕಾಳು ಎಲ್ಲಿ ಇಡ್ತೀರಿ?"

"ಹೋಗವ್ವಾ ತಂಗಿ! ಹೊಳಿ ವರ್ಷಾ ಬರ್ತದ, ಬರಬೇಕಾದ್ರ ಉಸುಕೂ ತರ್ತದ. ಪುಕ್ಕಟೆ."

"ಎಲ್ಲಿಂದ ತರ್ತದಣ್ಣ? ಮ್ಯಾಲೆ ಡ್ಯಾಮ್ ಕಟ್ಟ್ಯಾರ, ಉಸುಕು ಅಲ್ಲೇ ಕುಂದರ್ತದ. ನೀವು ಒಯ್ದದ್ದು ಮೊಮ್ಮಕ್ಕಳ ಕಾಲಕ್ಕೂ ತುಂಬಂಗಿಲ್ಲ. ಗಿಡಾನೂ ಕಡದೀರಿ. ಬೇರಿಲ್ಲದ ದಂಡಿ ನಿಂದರ್ತದೇನು?"

"ಕಲ್ಲಂಗಡಿ ಹೋತಂತ ಹೊಟ್ಟಿ ಉರೀತದೇನು?" ಎಂದು ಪ್ರಭುರಾಜ ನಕ್ಕ. ಕಟ್ಟೆಯ ಮೇಲಿದ್ದವರೂ ನಕ್ಕರು.

ಆ ವರ್ಷದ ಮಳೆಗೆ ಗಿಡ ಕಡಿದ ಕಡೆ ದಂಡೆ ಕುಸಿದು ಎರಡು ಹೊಲ ಹೊಳೆಯ ಪಾಲಾದವು. ಆಗಲೂ ನಮಗೆ ಬುದ್ಧಿ ಬರಲಿಲ್ಲ. ಉಸುಕು ಕೊನೆಗೆ ಉಳಿದದ್ದು ಊರಿನ ಮೇಲ್ಗಡೆ, ಹೊಳೆ ತಿರುಗುವ ಕಡೆ ಮಾತ್ರ. ಮಗಳ ಮದುವೆ ಮುಗಿಯುತ್ತಲೇ ಅಲ್ಲಿಗೂ ಜೆಸಿಬಿ ಇಳಿಸುತ್ತೇನೆಂದು ಪ್ರಭುರಾಜ ರಾಯಚೂರಿನ ಗಿರಾಕಿಗಳಿಗೆ ಮಾತು ಕೊಟ್ಟಿದ್ದ.

ಮಗಳು ನೇತ್ರಾವತಿ. ಗಂಡು ಮಾನ್ವಿಯವನು. ಮದುವೆ ಅದೇ ಹೊಸ ಭವನದಲ್ಲಿ. ಹಿಂದಿನ ದಿನ ಭಜಂತ್ರಿಯವರನ್ನು ಮುಂದಿಟ್ಟುಕೊಂಡು ಹೆಂಗಸರೆಲ್ಲ ವಾಡಿಕೆಯಂತೆ ಊರ ಮುಂದಿನ ಹೊಳೆಗೇ ಹೊರಟೆವು. ಹುಡುಗಿಯ ತಾಯಿ ಯಮನಮ್ಮ ಸೆರಗು ಸಿಕ್ಕಿಸಿಕೊಂಡು ಕೂತು ವರ್ತಿ ತೋಡಿದಳು. ಗೇಣು ಆಳಕ್ಕೆ ಉಗುರಿಗೆ ಬಂಡೆ ತಗುಲಿತು. ಇನ್ನೊಂದು ಕಡೆ ತೋಡಿದಳು, ಅಲ್ಲೂ ಬಂಡೆ. ಉಳಿದದ್ದು ಯಂತ್ರ ಬಗೆದ ಗುಂಡಿಗಳಲ್ಲಿ ಹಸಿರುಗಟ್ಟಿ ನಾರುವ ನೀರು. ಭಜಂತ್ರಿಯವರು ಬಾರಿಸುವುದನ್ನು ತಾವಾಗಿಯೇ ನಿಲ್ಲಿಸಿದರು.

ಬೀಗರ ಮುಂದೆ ಮಾನ ಹೋಗುತ್ತದಲ್ಲ! ಸುದ್ದಿ ತಿಳಿದು ಓಡಿ ಬಂದ ಪ್ರಭುರಾಜ ಫೋನ್ ಮಾಡಿ ಎರಡು ಫಿಲ್ಟರ್ ನೀರಿನ ಕ್ಯಾನು ತರಿಸಿ ಹೊಳೆಯ ದಂಡೆಗೆ ಇಳಿಸಿದ.

"ಇದನ್ನ ಕೊಡಕ್ಕ ಸುರುವಿಕೊಂಡು ನಡ್ರಿ. ಯಾರಿಗೆ ಗೊತ್ತಾಗ್ತದ?"

ಯಮನಮ್ಮ ಎದ್ದಳು. "ಬರ್ರೆವ್ವಾ, ಗಂಗವ್ವ ಬಂದಾಳ. ಮುಚ್ಚಳ ಹಾಕ್ಕೊಂಡು, ಗಾಡಿ ಹತ್ತಿ ಬಂದಾಳ!" ಎಂದು ಕ್ಯಾನಿಗೆ ಅರಿಶಿನ ಹಚ್ಚಿದಳು. ಒದ್ದೆ ಪ್ಲಾಸ್ಟಿಕ್ಕಿಗೆ ಅದು ಹಿಡಿಯದೆ ಜಾರಿತು. ಮತ್ತೆ ಹಚ್ಚಿದಳು, ಮತ್ತೆ ಜಾರಿತು. ಅಷ್ಟರಲ್ಲಿ ನೋಡಲೆಂದು ಬಂದಿದ್ದ ಬೀಗರ ಕಡೆಯ ಹೆಂಗಸರು ಸೆರಗು ಅಡ್ಡ ಹಿಡಿದು ನಕ್ಕರು. ಅವಳು ಅಲ್ಲೇ ಕೂತು ಅತ್ತಳು.

"ಸಾಕು ಏಳು, ಮಂದಿ ನೋಡಾಕತ್ತ್ಯಾರ," ಎಂದ ಪ್ರಭುರಾಜ.

"ನೋಡ್ಲಿ ಬಿಡ್ರಿ. ನೀವು ಮಾರಿದ ಹೊಳಿ ನೋಡ್ಲಿ."

ಕೊಡಗಳ ಜೊತೆ ಖಾಲಿ ಕ್ಯಾನುಗಳೂ ಮನೆಗೆ ಬಂದವು. ಅರಿಶಿನ ಮೆತ್ತಿದ ಕ್ಯಾನನ್ನು ನೇತ್ರಾವತಿ ಕಣ್ಣಾರೆ ಕಂಡಳು. ಅಪ್ಪನನ್ನು ಒಂದೇ ಮಾತು ಕೇಳಿದಳು.

"ಯಪ್ಪಾ, ನಾಳಿ ನನಗ ಕೂಸು ಹುಟ್ಟಿದ್ರ ಗಂಗಿ ಪೂಜಿಗೂ ಕ್ಯಾನ್ ತರಸ್ತೀಯೇನು?"

ಊರಿನ ಬಾಯಿ ಮುಚ್ಚಿಸುತ್ತಿದ್ದವನು ಮದುವೆ ಮುಗಿದ ಮರುದಿನ ಮಿನಾಜಳ ಮನೆ ಬಾಗಿಲಿಗೆ ಬಂದ.

"ಈಗ ಏನ್ ಮಾಡ್ಬೇಕವ್ವಾ?"

"ಹೋದದ್ದಕ್ಕ ಏನೂ ಮಾಡಾಕ ಬರಂಗಿಲ್ಲಣ್ಣ. ಉಳದದ್ದು ಉಳಸ್ರಿ. ಮ್ಯಾಲಿನ ಉಸುಕಿಗೆ ಯಾರೂ ಇಳೀಬಾರ್ದು. ದಂಡಿ ಅಂಚಿಗೆ ನೇಗಿಲು ಹೊಡೀಬ್ಯಾಡ್ರಿ, ಅಲ್ಲಿ ಹುಲ್ಲು, ಲಾವಂಚ, ಹೊಂಗಿ ಬೆಳೀಲಿ. ಬೆಳಿಗೆ ಕೀಟದ ಎಣ್ಣಿ ಹೊಡಿಯೋ ಡಬ್ಬಿ ಹೊಳ್ಯಾಗ ತೊಳೀಬ್ಯಾಡ್ರಿ."

ಪ್ರಭುರಾಜ ಒಪ್ಪಿದ. ನಾವೆಲ್ಲರೂ ಒಪ್ಪಿದೆವು. ಆದರೆ ಹೊಳೆ ಒಪ್ಪಬೇಕಲ್ಲ! ಬೇರೆ ಊರಿನ ಟ್ರ್ಯಾಕ್ಟರುಗಳು ಬಂದಾಗ ಸಂಘದ ಹೆಂಗಸರು ಅಡ್ಡ ನಿಂತೆವು, ತಹಶೀಲ್ದಾರರಿಗೆ ದೂರು ಕೊಟ್ಟೆವು, ಬೈಸಿಕೊಂಡೆವು. ದಂಡೆಗೆ ಸಸಿ ನೆಟ್ಟೆವು. ಅರ್ಧ ಒಣಗಿದವು, ಅರ್ಧ ಹಿಡಿದವು.

ಮುಂದಿನ ಬೇಸಿಗೆಗೆ ನೇತ್ರಾವತಿ ಹೆರಿಗೆಗೆ ಬಂದಳು, ಹೆಣ್ಣು ಕೂಸು ಹುಟ್ಟಿತು. ಗಂಗೆ ಪೂಜೆಗೆ ಹೊಳೆ ತಿರುಗುವ ಕಡೆಗೆ ನಡೆದು ಹೋದೆವು. ಮೊದಲು ಮೊಣಕೈ ಆಳಕ್ಕೆ ಸಿಗುತ್ತಿದ್ದ ನೀರಿಗಾಗಿ ಯಮನಮ್ಮ ಭುಜ ಮುಳುಗುವ ತನಕ ತೋಡಿದಳು. ಕಾಯುತ್ತ ಕೂತೆವು. ತುಸು ತುಸುವೇ ಒಸರಿತು. ಪ್ರಭುರಾಜ ತಾನೇ ಚಿಪ್ಪು ಹಿಡಿದು ಮೊಗೆದ. ಒಂದು ಕೊಡ ತುಂಬುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿತ್ತು. ಊರ ಮುಂದಿನ ಹೊಳೆಯಲ್ಲಿ ಇವತ್ತಿಗೂ ಬರೀ ಬಂಡೆ.

ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮೂರ ಹೊಳೆಯಲ್ಲೋ ಹಳ್ಳದಲ್ಲೋ ಇನ್ನೂ ಉಸುಕಿದ್ದರೆ ಈ ಬೇಸಿಗೆಯಲ್ಲಿ ಕೈಯಿಂದ ತೋಡಿ ನೋಡಿ. ನೀರು ಒಸರಿದರೆ ಅಲ್ಲಿಗೆ ಯಂತ್ರ ಇಳಿಯಲು ಬಿಡಬೇಡಿ. ದಂಡೆಯ ಗಿಡ ಕಡಿಯಬೇಡಿ, ದಂಡೆಯನ್ನು ಉಳಬೇಡಿ. ಕದ್ದು ಒಯ್ಯುವವರು ಕಂಡರೆ ಹತ್ತು ಮಂದಿ ಕೂಡಿ ದೂರು ಕೊಡಿ. ನಮ್ಮ ಹಾಗೆ ಉಗುರಿಗೆ ಬಂಡೆ ತಗುಲುವ ತನಕ ಕಾಯಬೇಡಿ.

ನಂಬಿಕೆಯಾಗದಿದ್ದರೆ ನಮ್ಮೂರಿಗೇ ಬನ್ನಿ. ಸಮುದಾಯ ಭವನ ಚೆನ್ನಾಗಿದೆ, ಅಲ್ಲೇ ಉಳಿದುಕೊಳ್ಳಬಹುದು. ಬರುವಾಗ ಕುಡಿಯುವ ನೀರು ಮಾತ್ರ ನೀವೇ ತನ್ನಿ.