ಕಿವಿಯಿರುವ ಪತಂಗ

೧
ಈ ಕಥೆಯನ್ನು ಬಾವಲಿಯಿಂದ ಆರಂಭಿಸಬೇಕೋ ಪತಂಗದಿಂದಲೋ ಎಂಬುದೇ ತೀರ್ಮಾನವಾಗುತ್ತಿಲ್ಲ. ಬಾವಲಿಯಿಂದ ಆರಂಭಿಸಿದರೆ ಓದುಗರಾದ ನೀವು ಅದರ ಹಸಿವಿನ ಪರ ನಿಲ್ಲುತ್ತೀರಿ. ಪತಂಗದಿಂದಾದರೆ ಅದರ ಜೀವದ ಪರ. (ನನಗೆ ಎರಡೂ ಬೇಕು. ಎಪ್ಪತ್ತೆರಡು ವರ್ಷಕ್ಕೆ ಬರಬಾರದ ಆಸೆ.)

ತಮ್ಮನಿಂದ ಆರಂಭಿಸುತ್ತೇನೆ. ಅವನು ತೀರಿಕೊಂಡು ಎರಡು ತಿಂಗಳಾಯಿತು.

೨
ನನ್ನ ತಮ್ಮ ಬಾವಲಿ ಮೇಷ್ಟ್ರು, ಬಾವಲಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದವನು. ಬಾವಲಿ ಕತ್ತಲಲ್ಲಿ ಕೂಗಿ, ಆ ಕೂಗಿನ ಪ್ರತಿಧ್ವನಿಯಿಂದ ಬೇಟೆಯನ್ನು ಗುರುತಿಸುತ್ತದೆ. ನಮಗೆ ಆ ಕೂಗು ಕೇಳಿಸದು, ಪತಂಗಕ್ಕೆ ಕೇಳಿಸುತ್ತದೆ. ಕೇಳಿದ್ದೇ ತಡ, ರೆಕ್ಕೆ ಮಡಿಚಿ ಕಲ್ಲಿನಂತೆ ಬೀಳುತ್ತದೆ. ಅದಕ್ಕೆಂದೇ ಕೆಲವು ಬಾವಲಿಗಳು ಪಿಸುಗುಟ್ಟುವುದನ್ನು ಕಲಿತವು. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ. ತಲೆಮಾರುಗಟ್ಟಲೆ ಇದೇ ಆಟ.

("ಇದು ವಿಕಾಸ ಅಕ್ಕಾ, ನಿನ್ನ ದೇವರ ಕೆಲಸ ಅಲ್ಲ." "ಅವನು ಹೇಗೆ ಕೆಲಸ ಮಾಡ್ತಾನೆ ಅಂತ ನಿಂಗೇನೋ ಗೊತ್ತು, ಪೆದ್ದ?" ಈ ಜಗಳ ನಲವತ್ತು ವರ್ಷ ನಡೆಯಿತು. ಈಗ ಇಬ್ಬರ ಮಾತನ್ನೂ ನಾನೇ ಬರೆಯಬೇಕು.)

೩
ಲ್ಯಾಬಿಗೆ ಬಂದ ಒಂದು ತಬ್ಬಲಿ ಬಾವಲಿ ಮರಿಯನ್ನು ಅವನು ಸಾಕಿದ. ಹೆಸರು ಕುಳ್ಳಿ. ಬೇಟೆ ಕಲಿಸಲು ಅದರ ಮುಂದೆ ಪತಂಗಗಳನ್ನು ಬಿಡುತ್ತಿದ್ದ.

"ಅಮ್ಮಾ, ಸರ್ ಒಂದು ತಪ್ಪು ಮಾಡಿದಾರೆ," ಎಂದಳು ಅವನ ಶಿಷ್ಯೆ. "ಪ್ರಯೋಗಕ್ಕೆ ಅಂತ ಸೂಜಿಯಲ್ಲಿ ಚುಚ್ಚಿ ಕಿವುಡು ಮಾಡಿದ್ವಲ್ಲ, ಆ ಪತಂಗಗಳನ್ನೇ ಕುಳ್ಳಿಗೆ ಬಿಡ್ತಿದ್ರು. ಅವು ತಪ್ಪಿಸ್ಕೊಳ್ಳೋದೇ ಇಲ್ಲ."

"ಯಾಕಂತೆ?"

"ಪಾಪ, ಹಸ್ಕೊಂಡಿರುತ್ತೆ ಅಂತ!"

("ನೀನು ನನ್ನ ಬೆಳೆಸಿದ್ದೂ ಹಾಗೇ," ಎಂದು ತಮ್ಮ ಕಥೆಯೊಳಗಿಂದ ಗೊಣಗುತ್ತಾನೆ. ಗದರಿಸಿ ಕೂರಿಸಿದ್ದೇನೆ.)

ಇವತ್ತು ಪರೀಕ್ಷೆ, ನೋಡಲು ಶಿಷ್ಯೆ ನನ್ನನ್ನೂ ಲ್ಯಾಬಿಗೆ ಕರೆಸಿದ್ದಾಳೆ. ಕಿವಿ ಕೇಳುವ ಮೂರು ಪತಂಗಗಳು. ಒಂದನ್ನಾದರೂ ಹಿಡಿದರೆ ಕುಳ್ಳಿಯನ್ನು ಹೊರಗೆ ಬಿಡುತ್ತಾರೆ. ಇಲ್ಲದಿದ್ದರೆ ಉಳಿದ ಆಯುಷ್ಯವೆಲ್ಲ ಪಂಜರ.

೪
ಮೊದಲ ಡ್ರಾಫ್ಟಿನಲ್ಲಿ ಕುಳ್ಳಿ ಮೊದಲನೆಯದನ್ನೇ ಹಿಡಿಯಿತು. ಹರಿದು ಹಾಕಿದೆ, ಸುಳ್ಳು.

ಕಿಟಕಿಯಿಲ್ಲದ ಕೋಣೆ, ಹಗಲು ಹನ್ನೊಂದಕ್ಕೇ ಕಗ್ಗತ್ತಲು. ಕುಳ್ಳಿಯ ಕೂಗನ್ನು ಒಂದು ಯಂತ್ರ ನಮಗೆ ಟಕ್ ಟಕ್ ಎಂದು ಕೇಳಿಸುತ್ತಿತ್ತು. ಸದ್ದು ನಿಂತಾಗ ಶಿಷ್ಯೆ ದೀಪ ಹಾಕಿದಳು. ಪತಂಗ ನೆಲದ ಮೇಲೆ ಕ್ಷೇಮವಾಗಿತ್ತು. ಎರಡನೆಯದೂ ಹಾಗೆಯೇ.

ದೀಪ ಆರಿಸಿ ಮೂರನೆಯದನ್ನು ಬಿಟ್ಟಳು.

೫
"ದೇವರಿಗೆ ಹೇಳ್ಕೊಳ್ಳಿ ಅಮ್ಮಾ."

"ಯಾರ ಪರವಾಗಿ?"

"ಕುಳ್ಳಿ ಪರವಾಗಿ, ಇನ್ಯಾರು!"

ಕೈ ಮುಗಿದೆ. ಪತಂಗಕ್ಕೆ ಕಿವಿ ಕೊಟ್ಟವನ ಮುಂದೆ, ಅದಕ್ಕೆ ಕೇಳಿಸದಿರಲಿ ಎಂದು ಹೇಗೆ ಬೇಡಲಿ?

ಟಕ್ ಟಕ್ ಬಿರುಸಾಯಿತು, ಒಂದೇ ಸದ್ದಾಯಿತು, ನಿಂತಿತು.

ಮುಕ್ತಾಯ ಒಂದು: ಹಿಡಿಯಿತು.
ಮುಕ್ತಾಯ ಎರಡು: ತಪ್ಪಿತು.

ಎರಡನ್ನೂ ಬರೆದಿಟ್ಟಿದ್ದೇನೆ, ಎರಡೂ ಪರವಾಗಿಲ್ಲ. ಎರಡರಲ್ಲೂ ನನ್ನ ತಮ್ಮ ಸತ್ತೇ ಇದ್ದಾನೆ.

"ದೀಪ ಹಾಕ್ಲಾ ಅಮ್ಮಾ?"

"ತಡಿ."

"ನೋಡ್ಬೇಕಲ್ಲ?"

"ನೋಡೋಣ. ಈಗೇನು ಅವಸರ? ಬಾ, ಕೂತ್ಕೋ."

ಕೂತಳು.