ಸಹಿ ಬೀಳದ ನೀರು

ನದಿ ನೀರಿನ ಒಪ್ಪಂದಕ್ಕೆ ಸಹಿ ಬೀಳಲು ಇನ್ನೊಂದು ವಾರವಷ್ಟೇ ಇದೆ ಎನ್ನುವಾಗ, ವಿದೇಶಾಂಗ ಇಲಾಖೆಯ ಆ ಹಿರಿಯ ಅಧಿಕಾರಿಣಿ ತನ್ನ ಸ್ವಂತ ತಮ್ಮನ ಕಚೇರಿಯ ಹೊರಗೆ ಅಹವಾಲು ತಂದವರ ಸಾಲಿನಲ್ಲಿ ಕೂರಬೇಕಾಗಿ ಬಂತು.

ತಮ್ಮನೆಂದರೆ ಗಡಿ ರಾಜ್ಯದ ಮುಖ್ಯಮಂತ್ರಿ. ತಾಯಿ ತೀರಿಕೊಂಡಾಗ ಅವನಿಗೆ ಇನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಊಟ ಮಾಡಿಸಿ, ಮಗ್ಗಿ ಬಾಯಿಪಾಠ ಮಾಡಿಸಿ ಬೆಳೆಸಿದವಳು ಈ ಅಕ್ಕ. ಈಗ ಇಡೀ ರಾಜ್ಯ ಅವನನ್ನು 'ಅಣ್ಣ' ಎನ್ನುತ್ತಿತ್ತು. ಚಿಕ್ಕು ಎನ್ನುವವಳು ಇವಳೊಬ್ಬಳೇ.

ನದಿ ಆ ರಾಜ್ಯದಲ್ಲಿ ಹುಟ್ಟಿ, ಗಡಿ ದಾಟಿ, ಪಕ್ಕದ ದೇಶದಲ್ಲಿ ಕಡಲು ಸೇರುತ್ತಿತ್ತು. ಬೇಸಿಗೆಯಲ್ಲಿ ಮೇಲಿನ ಅಣೆಕಟ್ಟಿನ ಬಾಗಿಲು ಮುಚ್ಚಿದರೆ ಕೆಳಗೆ ಹರಿವು ಸೋತು, ಸಮುದ್ರದ ಉಪ್ಪುನೀರು ನದಿಯೊಳಕ್ಕೆ ಹಿಮ್ಮುಖವಾಗಿ ನುಗ್ಗುತ್ತಿತ್ತು. ಆ ಕಡೆಯ ಪರವಾಗಿ ಮಾತುಕತೆಗೆ ಬರುತ್ತಿದ್ದವರು ಒಬ್ಬ ಹಿರಿಯ ಎಂಜಿನಿಯರ್. ಮೊದಲ ಸಭೆಯಲ್ಲೇ ಅವರು ತಮ್ಮೂರಿನ ನಲ್ಲಿಯ ನೀರನ್ನು ಬಾಟಲಿಯಲ್ಲಿ ತಂದು ಅವಳ ಮುಂದೆ ಇಟ್ಟಿದ್ದರು.

"ಕುಡೀಬೇಡಿ ಮೇಡಂ. ನಾಲಿಗೆಗೆ ಸೋಕಿಸಿ ನೋಡಿ ಸಾಕು."

ಸೋಕಿಸಿದಳು. ಮಿಕ್ಕವರು ಕಡತ ತಿರುವುತ್ತಿದ್ದರೆ ಅವಳಿಗೆ ಅಂದೆಲ್ಲ ಬಾಯಿಯ ಉಪ್ಪು ಹೋಗಲೇ ಇಲ್ಲ. ಆಮೇಲೆ ಮೂರು ವರ್ಷ ಇಬ್ಬರೂ ಜಗಳವಾಡಿದರು, ಮುನಿಸಿಕೊಂಡರು, ಒಬ್ಬರ ಮೊಮ್ಮಕ್ಕಳ ಜ್ವರವನ್ನು ಇನ್ನೊಬ್ಬರು ವಿಚಾರಿಸುವಷ್ಟು ಹತ್ತಿರವಾದರು. ಕೊನೆಗೆ ಬೇಸಿಗೆಯಲ್ಲಿ ಎಷ್ಟು ನೀರು ಬಿಡಬೇಕೆಂಬುದು ಇತ್ಯರ್ಥವಾಯಿತು.

"ನಮ್ಮಲ್ಲಿ ಅಧ್ಯಕ್ಷರು ಹೂಂ ಅಂದ್ರೆ ಮುಗೀತು," ಎಂದಿದ್ದರು ಎಂಜಿನಿಯರ್. "ನಿಮ್ಮಲ್ಲಿ ಎಷ್ಟು ಜನ ಹೂಂ ಅನ್ನಬೇಕು?"

"ಅದು ನನಗೆ ಬಿಡಿ ಸಾರ್," ಎಂದಿದ್ದಳು ಅವಳು.

ಸಾಲಿನಲ್ಲಿ ಕೂತು ಅವಳು ಆ ಮಾತನ್ನೇ ನೆನೆಯುತ್ತಿದ್ದಳು. ಪರದೇಶದ ಜೊತೆ ಒಪ್ಪಂದ ಮಾಡಿಕೊಳ್ಳುವ ಅಧಿಕಾರ ಕೇಂದ್ರದ್ದು, ನಿಜ. ಆದರೆ ಅಣೆಕಟ್ಟಿನ ಬಾಗಿಲ ಕೀಲಿ ರಾಜ್ಯದ್ದು. ಸಾಲದ್ದಕ್ಕೆ ಪ್ರಧಾನಿಯ ಸಮ್ಮಿಶ್ರ ಸರ್ಕಾರ ನಿಂತಿದ್ದೇ ತಮ್ಮನ ಪಕ್ಷದ ಬೆರಳೆಣಿಕೆಯ ಸಂಸದರ ಬೆಂಬಲದ ಮೇಲೆ. ಒಪ್ಪಂದಕ್ಕೆ ಸಹಿ ಬಿದ್ದರೆ ಬೆಂಬಲ ವಾಪಸ್ ಎಂದು ಹಿಂದಿನ ದಿನವಷ್ಟೇ ತಮ್ಮ ಸಾರಿಬಿಟ್ಟಿದ್ದ. ಪ್ರಧಾನಿ ಅವಳನ್ನು ಕರೆಸಿ, "ಒಡಹುಟ್ಟಿದವರು ನೀವು. ಹೋಗಿ ಒಂದು ಮಾತು ಕೇಳಿ ನೋಡಿ," ಎಂದು ಕಳಿಸಿದ್ದರು.

ಒಳಗೆ ಹೋದಾಗ ತಮ್ಮ ಎದ್ದು ಬಂದು ಕಾಲಿಗೆ ನಮಸ್ಕರಿಸಿದ. ಆಪ್ತ ಸಹಾಯಕರನ್ನು ಹೊರಗೆ ಕಳಿಸಿ ಬಾಗಿಲು ಹಾಕಿದ.

"ಬಿಸಿಲಲ್ಲಿ ಬಂದಿದೀಯ. ಮೊದಲು ಏನಾದ್ರೂ ಕುಡಿ."

"ಕುಡಿಯೋಕೆ ಬಂದಿಲ್ಲ ಚಿಕ್ಕು. ಅಲ್ಲಿ ಮಕ್ಕಳು ಉಪ್ಪು ನೀರು ಕುಡೀತಿದಾರೆ."

"ಗೊತ್ತು."

"ಗೊತ್ತಿದ್ದೂ?"

ಅವನು ಕಿಟಕಿಯ ಕಡೆ ನೋಡಿದ. ಹೊರಗೆ ನೆರೆದವರೆಲ್ಲ ಅದೇ ಅಣೆಕಟ್ಟಿನ ಕಾಲುವೆಯ ಕೊನೆಯ ತಾಲೂಕಿನವರು. ಬೇಸಿಗೆಯಲ್ಲಿ ಅವರಿಗೂ ನೀರು ಮುಟ್ಟುತ್ತಿರಲಿಲ್ಲ.

"ಮೂರು ವರ್ಷ ಮಾತಾಡಿದ್ರಲ್ಲಕ್ಕ, ಒಂದು ದಿನನಾದ್ರೂ ಆ ಮೇಜಿಗೆ ನಮ್ಮ ರಾಜ್ಯದವರನ್ನ ಒಬ್ರನ್ನ ಕರೆದ್ರಾ? ನಮ್ಮ ನೀರು ನೀವು ಹಂಚಿದ್ದು ನಂಗೆ ಪೇಪರ್ ಓದಿ ಗೊತ್ತಾಗಬೇಕಾ?"

"ಕರೆದಿದ್ರೆ ಮಾತುಕತೆ ಶುರುನೇ ಆಗ್ತಿರ್ಲಿಲ್ಲ."

"ಆಗ್ತಿತ್ತು. ನಿಧಾನಕ್ಕೆ ಆಗ್ತಿತ್ತು, ಬೈಕೊಂಡು ಆಗ್ತಿತ್ತು. ಈಗ ಚುನಾವಣೆ ತಲೆ ಮೇಲಿದೆ. ಇವರನ್ನ ಕೇಳ್ದೆ ನೀರು ಬಿಟ್ಟೆ ಅಂದ್ರೆ ನಾನು ಇವರ ಮುಖ ನೋಡೋಕಾಗುತ್ತಾ?"

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ರಾಜ್ಯವನ್ನು ದೂರವಿಡೋಣ, ಬೇಗ ಮುಗಿಯುತ್ತದೆ ಎಂದು ಸಲಹೆ ಕೊಟ್ಟವರಲ್ಲಿ ಅವಳೂ ಒಬ್ಬಳು. ಉಳಿದದ್ದು ಒಂದೇ ದಾರಿ. ಇಲ್ಲಿಗೆ ಬರುವವರೆಗೂ ಅದನ್ನು ಹಿಡಿಯಬಾರದೆಂದುಕೊಂಡಿದ್ದಳು.

"ನನಗೋಸ್ಕರ," ಎಂದಳು. "ಬೇರೆ ಏನೂ ಕೇಳಿಲ್ಲ ನಾನು ನಿನ್ನ."

ಅವನ ಕಣ್ಣು ತುಂಬಿತು.

"ಹಾಗೆ ಕೇಳ್ತೀಯ ಅಂತಾನೇ ಹೆದರಿದ್ದೆ," ಎಂದ. "ನನ್ನದಾಗಿದ್ರೆ ಕೊಟ್ಟುಬಿಡ್ತಿದ್ದೆ ಅಕ್ಕ. ಇದು ನನ್ನದಲ್ಲ."

ಅವಳು ಎದ್ದಳು. ಬಾಗಿಲವರೆಗೂ ಅವನು ಹಿಂದೆ ಬಂದ. ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟಲಿಲ್ಲ.

ಸಹಿಗೆ ನಿಗದಿಯಾಗಿದ್ದ ದಿನ ಪ್ರಧಾನಿ ಪಕ್ಕದ ದೇಶಕ್ಕೆ ಹೋದದ್ದೇನೋ ಹೌದು. ಕೈ ಕುಲುಕಿದರು, ಫೋಟೋ ತೆಗೆಸಿಕೊಂಡರು, ಸ್ನೇಹದ ಬಗ್ಗೆ ಒಳ್ಳೆಯ ಭಾಷಣ ಮಾಡಿದರು. ಸಹಿ ಮಾತ್ರ ಬೀಳಲಿಲ್ಲ. ಸಭಾಂಗಣದ ಆಚೆಯ ಸಣ್ಣ ಕೋಣೆಯಲ್ಲಿ ಎಂಜಿನಿಯರ್‌ಗೆ ಸುದ್ದಿ ಹೇಳುವ ಕೆಲಸವನ್ನು ಅವಳು ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ. ಅವರು ಹೊಸ ಕೋಟು ಹಾಕಿಕೊಂಡು ಬಂದಿದ್ದರು. ತೋಳು ಸ್ವಲ್ಪ ಉದ್ದವಾಗಿತ್ತು.

"ನಿಮ್ಮ ಪ್ರಧಾನಿಗಿಂತ ದೊಡ್ಡವರು ಯಾರಮ್ಮ ಬೇಡ ಅಂದಿದ್ದು?" ಅವರು ಅವಳನ್ನು 'ಅಮ್ಮ' ಎಂದದ್ದು ಅದೇ ಮೊದಲು.

"ದೊಡ್ಡವರು ಅಂತಲ್ಲ ಸಾರ್. ನಮ್ಮಲ್ಲಿ ಒಬ್ಬರ ಮಾತಿಗೆ ಇನ್ನೊಬ್ಬರ ಒಪ್ಪಿಗೆ ಬೇಕು. ಅದನ್ನ ಮೊದಲೇ ಪಡೀಬೇಕಿತ್ತು. ನಾವು ಪಡೀಲಿಲ್ಲ. ತಪ್ಪು ನಮ್ಮದು."

"ನಿಮ್ಮ ವ್ಯವಸ್ಥೆ ಕಂಡು ನನಗೆ ಹೊಟ್ಟೆಕಿಚ್ಚಾಗ್ತಿತ್ತು," ಎಂದರು ಅವರು. "ಬಡವರು ಬೇಡ ಅಂದ್ರೆ ಸರ್ಕಾರಾನೂ ಹಿಂದೆ ಸರಿಯುತ್ತಲ್ಲ ಅಂತ. ಈಗಲೂ ಹೊಟ್ಟೆಕಿಚ್ಚಾಗುತ್ತೆ. ಆದ್ರೆ ನಾನು ನಮ್ಮ ಅಧ್ಯಕ್ಷರಿಗೆ, ಆ ಹೆಣ್ಣುಮಗಳು ಮಾತು ಕೊಟ್ಟಿದಾಳೆ, ನಂಬಿ ಅಂದಿದ್ದೆ."

ತಿಂಗಳೊಳಗೆ ಆ ಎಂಜಿನಿಯರನ್ನು ಹುದ್ದೆಯಿಂದ ಕಿತ್ತುಹಾಕಿದರು. ಫೋನ್ ಮಾಡಿದರೆ ಅವರಿಗೇ ತೊಂದರೆಯೆಂದು ಅವಳು ಮಾಡಲಿಲ್ಲ. ಆ ಬೇಸಿಗೆ ಕೆಳಗಿನ ಊರಿನ ಆಸ್ಪತ್ರೆಯಲ್ಲಿ ಶುದ್ಧ ನೀರಿಗೆ ಜನ ಸಾಲುಗಟ್ಟಿ ನಿಂತರು ಎಂದು ವರದಿ ಬಂತು. ಚುನಾವಣೆಯಲ್ಲಿ ತಮ್ಮ ಗೆದ್ದ. ಗೆದ್ದ ದಿನ ಮೊದಲ ಕರೆ ಅವಳಿಗೇ ಮಾಡಿದ. ಅವಳು, "ಒಳ್ಳೇದಾಗ್ಲಿ," ಎಂದಳು. ಆ ಕಡೆಯ ಜೈಕಾರವನ್ನು ಸ್ವಲ್ಪ ಹೊತ್ತು ಕೇಳಿ ಫೋನಿಟ್ಟಳು.

ಮರುವರ್ಷ ಮಾತುಕತೆ ಮತ್ತೆ ಶುರುವಾಯಿತು. ಈ ಸಲ ಅವಳು ಹಟ ಹಿಡಿದು ರಾಜ್ಯದ ಪ್ರತಿನಿಧಿಗಳಿಗೂ ಮೇಜಿನಲ್ಲಿ ಜಾಗ ಮಾಡಿಸಿದ್ದಳು. ಆ ದೇಶದ ಪರವಾಗಿ ಎದುರು ಕೂತವನು ಹೊಸಬ. ಹಳೆಯ ಎಂಜಿನಿಯರ್ ಹೇಗಿದ್ದಾರೆಂದು ಕೇಳಿದಳು.

"ತೀರ್ಕೊಂಡ್ರಲ್ಲ, ನಿಮಗೆ ಗೊತ್ತಿರ್ಲಿಲ್ವಾ?" ಎಂದು ಆತ ಕಡತ ಬಿಚ್ಚಿದ. "ಶುರು ಮಾಡೋಣ್ವಾ?"

ಎಲ್ಲರೂ ಅವಳತ್ತ ನೋಡುತ್ತಿದ್ದರು. ಅವಳು ಮೈಕಿನ ಗುಂಡಿ ಒತ್ತಿದಳು, ಬಾಯಿ ತೆರೆದಳು. ಮತ್ತೆ ಗುಂಡಿ ಒತ್ತಿ ಅದನ್ನು ಆರಿಸಿಬಿಟ್ಟಳು. ಪಕ್ಕದಲ್ಲಿದ್ದ ರಾಜ್ಯದ ಅಧಿಕಾರಿ ಮೆಲ್ಲಗೆ ಮೈಕನ್ನು ತನ್ನತ್ತ ಎಳೆದುಕೊಂಡು, ಅವಳ ಬದಲಿಗೆ ಎಲ್ಲರಿಗೂ ಸ್ವಾಗತ ಹೇಳಿದ.